ಓದದೆ ಬಿಟ್ಟ ಎರಡು ಸಾಲು

ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಬರೆದರೆ ಬೇ ಏರಿಯಾದ ಕನ್ನಡದವರಲ್ಲಿ ಬಹಳ ಜನಕ್ಕೆ ಗುರುತು ಸಿಕ್ಕಿಬಿಡುತ್ತದೆ. ಅವರ ಮನೆಯ ಸಂಕ್ರಾಂತಿ ಊಟ ಉಂಡು, ಕೋರ್ಟಿನ ಸುದ್ದಿ ಬಂದ ಮಾರನೆಯ ದಿನದಿಂದ ಅವರ ಫೋನು ಎತ್ತದವರು ಇಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ನನ್ನ ಹೆಸರೂ ಬೇಡ, ನನ್ನ ಫೋನು ಎತ್ತದವರೂ ಅವರೇ. ಕಳೆದ ಚಳಿಗಾಲದಲ್ಲಿ ಅವರು ತೀರಿಕೊಂಡರು, ಬೇರೆ ರಾಜ್ಯದ ಒಂದು ಫೆಡರಲ್ ಜೈಲಿನ ಆಸ್ಪತ್ರೆಯಲ್ಲಿ. ಆಸ್ಪತ್ರೆಯ ಮುಖವನ್ನು ಅವರು ಒಂದು ವರ್ಷ ಮೊದಲೇ ನೋಡಬೇಕಿತ್ತು. ನೋಡದೆ ಹೋದದ್ದಕ್ಕೆ ಶುರುವಿನ ಕಾರಣ ನಾನು. ಅದನ್ನು ಮೊದಲೇ ಹೇಳಿಬಿಟ್ಟರೆ ಉಳಿದದ್ದನ್ನು ಹೇಳುವುದು ಸ್ವಲ್ಪ ಸುಲಭ.

ನಾನು ಮಂಡ್ಯದ ಕಡೆಯವನು. ಮೆನ್ಲೋ ಪಾರ್ಕಿನ ಒಂದು ಆಫೀಸಿನಲ್ಲಿ ಹನ್ನೊಂದು ವರ್ಷ ಕೆಲಸ ಮಾಡಿದೆ. ನಮ್ಮ ಕಂಪನಿ ಇನ್ನೊಂದು ಕಂಪನಿಯನ್ನು ಕೊಳ್ಳುವ ಸುದ್ದಿ ಯಾವ ದಿನ ಹೊರಬೀಳುತ್ತದೆ ಎಂಬುದನ್ನು ಒಂದು ಭಾನುವಾರ ಊಟಕ್ಕೆ ಕೂತಾಗ ಹೆಂಡತಿಯ ತಮ್ಮನಿಗೆ ಹೇಳಿದೆ. ಬಾಯಿಚಪಲ, ಮತ್ತೇನಿಲ್ಲ. ಭಾವ ಅಂದರೆ ಏನು ಅಂತ ಅವನಿಗೂ ಗೊತ್ತಾಗಲಿ ಎನ್ನುವ ಧಿಮಾಕು. ಅವನು ಷೇರು ಕೊಂಡ, ನನಗೆ ಹದಿನೆಂಟು ತಿಂಗಳ ಜೈಲಾಯಿತು.

ಪೂರ್ವದ ಗುಡ್ಡಗಳನ್ನು ದಾಟಿ, ಗಾಳಿಗಿರಣಿಗಳು ನಿಂತಿರುವ ಕಡೆ ಇತ್ತು ಆ ಜೈಲು. ಎವರ್‌ಗ್ರೀನ್‌ನ ನಮ್ಮ ಮನೆಯಿಂದ ಫ್ರೀವೇಯಲ್ಲಿ ಒಂದು ಗಂಟೆ. ದೂರ ಹಾಕಿದ್ದರೆ ಮನಸ್ಸು ಒಗ್ಗುತ್ತಿತ್ತೋ ಏನೋ. ಜೈಲಿನ ಅಂಗಳದಲ್ಲಿ ನಿಂತು ಪಶ್ಚಿಮಕ್ಕೆ ನೋಡಿದರೆ ಅದೇ ಹಳದಿ ಗುಡ್ಡ, ಅದರ ಆಚೆ ನನ್ನ ಮಗು ಡೇಕೇರಿನಿಂದ ಮನೆಗೆ ಬರುವ ಹೊತ್ತು.

ಎರಡನೆಯ ದಿನ ಊಟದ ಹಾಲ್‌ನಲ್ಲಿ ತಟ್ಟೆ ಹಿಡಿದು ನಿಂತಿದ್ದೆ. ಬೇಯಿಸಿ ಬೇಯಿಸಿ ಬಣ್ಣ ಬಿಟ್ಟ ಬೀನ್ಸು ಒಂದು ಸೌಟು ಬಂದು ಬಿತ್ತು. ‘ಥೂ ನಿಮ್ಮ’ ಎಂದು ಹಲ್ಲು ಕಚ್ಚಿ ಇನ್ನೂ ಏನೋ ಸೇರಿಸಿದೆ, ಮಂಡ್ಯದವರು ಸೇರಿಸುವಂಥದ್ದು. ಹಿಂದಿನಿಂದ ಒಂದು ದನಿ ಬಂತು.

“ಬೈಯೋದಿದ್ರ ಸಾವಕಾಶ ಬೈಯಪಾ. ಇಲ್ಲೆ ಕನ್ನಡಾ ತಿಳಿಯಾಂವ ಒಬ್ಬ ಅದಾನ.”

ತಿರುಗಿದರೆ ಎತ್ತರದ ಬಡಕಲು ಮನುಷ್ಯ, ಹೆಸರು ಬರೆಯುವುದಿಲ್ಲ ಎಂದೆನಲ್ಲ, ಅವರೇ. ಬಿಳಿ ಮೀಸೆ, ಖಾಕಿ ಅಂಗಿಯ ಗುಂಡಿ ಕುತ್ತಿಗೆಯವರೆಗೂ ಹಾಕಿದ್ದರು. ಧಾರವಾಡದವರು, ಅರವತ್ತೆಂಟು ವಯಸ್ಸು. ನಾನು ಅಭ್ಯಾಸಬಲದಿಂದ ‘ಸರ್’ ಎಂದೆ. ಇಲ್ಲಿ ಸರ್ ಅಂದರೆ ಕೀಲಿಕೈ ಇಟ್ಟುಕೊಂಡವನು, ನನಗೆ ಕಾಕಾ ಅನ್ನು ಎಂದರು. ನನ್ನ ಹೆಸರನ್ನು ಅವರು ಕೇಳಿಕೊಂಡರು, ಬಳಸಲಿಲ್ಲ. ಆವತ್ತಿನಿಂದ ನಾನು ‘ಮಂಡ್ಯಾ’.

ಜೈಲಿನೊಳಗೆ ಯಾರನ್ನು ಕೇಳಿದರೂ ತಪ್ಪು ಮಾಡಿದವರು ಬೇರೆಯವರು, ವಕೀಲ ಸರಿಯಿರಲಿಲ್ಲ, ಜಡ್ಜು ಕೆಟ್ಟವಳು. ನಾನೂ ತಿಂಗಳುಗಟ್ಟಲೆ ಅದೇ ರಾಗ ಹಾಡಿದೆ. ಕಾಕಾ ಮಾತ್ರ ಮೊದಲ ವಾರವೇ ಹೇಳಿದರು: ಇಲ್ಲದ ಕೆಲಸ ಇದೆ ಅಂತ ವೀಸಾಕ್ಕೆ ಪತ್ರ ಬರೆದೆ, ಊರಿನಿಂದ ಹುಡುಗರನ್ನು ಕರೆಸಿದೆ, ಏಳು ವರ್ಷ ಕೊಟ್ಟರು. ಅಷ್ಟೇ. ಕೇಸು ನಡೆಯುತ್ತಿದ್ದಾಗಲೇ ಅವರ ಹೆಂಡತಿ ತೀರಿಕೊಂಡಿದ್ದರು. ಉಳಿದವಳು ಒಬ್ಬಳೇ ಮಗಳು, ಬರ್ಕ್ಲಿಯಲ್ಲಿ ಸಂಶೋಧನೆ ಮಾಡುವವಳು. ಇಲ್ಲೇ ಹುಟ್ಟಿದವಳು. ಅಪ್ಪ ಕನ್ನಡದಲ್ಲಿ ಮಾತಾಡಿದರೆ ಎಲ್ಲ ತಿಳಿಯುತ್ತದೆ, ಉತ್ತರ ಇಂಗ್ಲಿಷಿನಲ್ಲಿ ಬರುತ್ತದೆ. ಓದಲು ಬರೆಯಲು ಬಾರದು. ಅದೊಂದು ಕಲಿಸಲಿಲ್ಲ ಎಂದು ಅವರು ಆಗಾಗ ಪೇಚಾಡುತ್ತಿದ್ದರು.

ಜೈಲಿನ ದಿನ ಅಂದರೆ ಎಣಿಕೆ. ಬೆಳಿಗ್ಗೆ ಎಣಿಕೆ, ಸಂಜೆ ನಾಲ್ಕಕ್ಕೆ ನಿಂತುಕೊಂಡು ಎಣಿಕೆ, ಒಂದು ತಲೆ ಹೆಚ್ಚುಕಡಿಮೆಯಾದರೆ ಮತ್ತೆ ಮೊದಲಿಂದ. ನಾಲ್ಕಕ್ಕೆ ಎಲ್ಲರೂ ತಮ್ಮ ಮಂಚದ ಪಕ್ಕ ಗೋಡೆಗೆ ಒರಗಿ, ಆಕಳಿಸಿ, ಗೊಣಗಿ ನಿಂತಿರುತ್ತಿದ್ದರು. ಕಾಕಾ ತಲೆ ಬಾಚಿಕೊಂಡು, ಬೂಟಿನ ಲೇಸು ಬಿಗಿದು, ನೆಟ್ಟಗೆ ನಿಲ್ಲುತ್ತಿದ್ದರು. ತುಟಿ ಅಲುಗುತ್ತಿತ್ತು. ಜಪವಿರಬೇಕು ಅಂದುಕೊಂಡಿದ್ದೆ. ಕೇಳಿದರೆ ಹದಿನೇಳರ ಮಗ್ಗಿ. ತಲೆಗೆ ತುಕ್ಕು ಹಿಡಿಯಬಾರದಲ್ಲ ಎಂದರು. ಹೈಸ್ಕೂಲು ಪರೀಕ್ಷೆಗೆ ಕೂರುವ ಕೈದಿಗಳಿಗೆ ಗಣಿತ ಹೇಳಿಕೊಡುವುದು ಅವರ ಕೆಲಸ. ಭಿನ್ನರಾಶಿ ಹೇಳಿಕೊಡಲು ಮೆಕ್ಕೆಜೋಳದ ಟೊರ್ಟಿಯಾ ಹರಿಯುತ್ತಿದ್ದರು. ಪಾಠವಾದ ಮೇಲೆ ಆ ಕಾಲು, ಅರೆ, ಮುಕ್ಕಾಲು ತುಂಡುಗಳನ್ನು ನಾವಿಬ್ಬರೂ ತಿನ್ನುತ್ತಿದ್ದೆವು. ಇದು ನಮ್ಮ ರೊಟ್ಟಿಗೆ ದೂರದ ಸಂಬಂಧಿ, ಮದುವೆಗೆ ಕರೆಯದಿದ್ದರೂ ಬರುವಂಥದ್ದು ಎನ್ನುತ್ತಿದ್ದರು.

ಆ ರೊಟ್ಟಿಗೆ ಶೇಂಗಾ ಹಿಂಡಿ, ಅಂದರೆ ನಮ್ಮ ಕಡೆಯ ಚಟ್ನಿಪುಡಿ, ಬೇಕೇಬೇಕು ಅವರಿಗೆ. ಜೈಲಿನ ಅಂಗಡಿಯಲ್ಲಿ ಶೇಂಗಾ ಸಿಗುತ್ತಿತ್ತು, ಬೆಳ್ಳುಳ್ಳಿ ಪುಡಿ ಸಿಗುತ್ತಿತ್ತು, ಖಾರಕ್ಕೆ ನೂಡಲ್ಸಿನ ಮಸಾಲೆ ಪೊಟ್ಟಣ. ಕುಟ್ಟುವುದು ಹೇಗೆ? ಲಾಕರಿನ ಬೀಗವನ್ನು ಒಗೆದ ಕಾಲುಚೀಲದಲ್ಲಿ ಹಾಕಿ ಗಂಟು ಕಟ್ಟಿ, ಪ್ಲಾಸ್ಟಿಕ್ ಬೋಗುಣಿಯಲ್ಲಿ ಕುಟ್ಟತೊಡಗಿದರು. ನಾನೂ ಪಕ್ಕದಲ್ಲಿ ಕೂತು ಸಿಪ್ಪೆ ಊದುತ್ತಿದ್ದೆ. ಕಾಲುಚೀಲದಲ್ಲಿ ಬೀಗ ಅಂದರೆ ಜೈಲಿನಲ್ಲಿ ತಲೆ ಒಡೆಯುವ ಆಯುಧ ಎಂಬುದು ನಮಗಿಬ್ಬರಿಗೂ ಹೊಳೆದಿರಲಿಲ್ಲ. ಒಬ್ಬ ಆಫೀಸರ್ ಬಂದು ಬಾಗಿಲಲ್ಲಿ ಗಕ್ಕನೆ ನಿಂತ. ಕಾಕಾ ಎದ್ದು ನಿಂತು ಬೋಗುಣಿ ಮುಂದೆ ಹಿಡಿದರು, ರುಚಿ ನೋಡಿ ಎಂಬಂತೆ. ಅವನು ಮೂಸಿ ನೋಡಿ, ಬೀಗವನ್ನು ಹೊರಗೆ ತೆಗೆ ಎಂದು ಹೇಳಿ, ತಲೆ ಅಲ್ಲಾಡಿಸಿಕೊಂಡು ಹೋದ. ಆ ಒಂದು ಸಂಜೆ ನಾನು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೇನೆ. ಜೈಲಿನಲ್ಲಿ ಹಾಗೆ ನಕ್ಕದ್ದು ಅದೊಂದೇ ಸಲ.

ಭಾನುವಾರಗಳಂದು ತಮ್ಮ ಸಾಮಾನನ್ನೆಲ್ಲ ಮಂಚದ ಮೇಲೆ ಹರವಿ ನೋಡುತ್ತಿದ್ದರು. ಎರಡು ಜೊತೆ ಬಟ್ಟೆ, ಕನ್ನಡಕ, ಹೆಂಡತಿಯ ಫೋಟೋ, ನೀಲಿ ರಟ್ಟಿನ ಒಂದು ನೋಟ್‌ಬುಕ್ಕು. ಇದಕ್ಕಿಂತ ಹೆಚ್ಚಿಗೆ ಏನು ಕಂಡರೂ ಯಾರಿಗಾದರೂ ಕೊಟ್ಟುಬಿಡುತ್ತಿದ್ದರು. ಅದು ಅವರಿಗೆ ನಾಲ್ಕನೆಯ ಜೈಲು. ವರ್ಗ ಮಾಡುವಾಗ ದಿನ ಹೇಳುವುದಿಲ್ಲ, ಊರು ಹೇಳುವುದಿಲ್ಲ, ಹೆಸರು ಕೂಗುತ್ತಾರೆ, ಅಷ್ಟೇ. ಸೊಂಟಕ್ಕೆ ಸರಪಳಿ, ಅದಕ್ಕೆ ಕೈ, ಕಾಲಿಗೆ ಬೇರೆ ಸರಪಳಿ. ಸಾಮಾನು ಹಿಂದಿನಿಂದ ಬರುತ್ತದೆ, ಇಲ್ಲವೆ ಬರುವುದಿಲ್ಲ. “ಬಿಟ್ಟು ಹೋಗಾಕ ಸಂಕಟ ಆಗೋ ಅಂಥಾದ್ದು ಏನೂ ಇಟ್ಕೋಬ್ಯಾಡ ಮಂಡ್ಯಾ” ಎನ್ನುತ್ತಿದ್ದರು. ಹೇಳಿದವರೇ ನನ್ನನ್ನು ಇಟ್ಟುಕೊಂಡರು.

ನಾನು ಹೋದ ಕೆಲವೇ ವಾರಕ್ಕೆ ಅವರ ದವಡೆಯ ಕೆಳಗೆ ಒಂದು ಗಂಟು ಕಾಣಿಸಿತು. ಮೊದಲು ಬಟಾಣಿಯಷ್ಟು, ಆಮೇಲೆ ನೆಲ್ಲಿಕಾಯಿಯಷ್ಟು. ಕ್ಲಿನಿಕ್ಕಿಗೆ ಹೋದರೆ ನೋವಿನ ಮಾತ್ರೆ ಕೊಟ್ಟು ನೀರು ಹೆಚ್ಚು ಕುಡಿ ಎಂದರು. ಗಂಟಿನ ಚೂರು ತೆಗೆದು ಪರೀಕ್ಷಿಸಬೇಕು, ಅದಕ್ಕೆ ಹೊರಗಿನ ಆಸ್ಪತ್ರೆಗೇ ಒಯ್ಯಬೇಕು ಎಂದು ಡಾಕ್ಟರು ಬರೆದದ್ದು ಮೂರು ತಿಂಗಳ ನಂತರ. ಅಲ್ಲಿಂದ ಏಳು ತಿಂಗಳು ಕಳೆದರೂ ಸುದ್ದಿ ಇಲ್ಲ. ಅನ್ನ ನುಂಗುವಾಗ ಮುಖ ಹಿಂಡುತ್ತಿದ್ದರು, ನಾನು ನೋಡಿದೆ ಎಂದು ಗೊತ್ತಾದರೆ ಬೀನ್ಸನ್ನು ಬೈಯುತ್ತಿದ್ದರು.

ಹೊರಗಿನ ಆಸ್ಪತ್ರೆಗೆ ಒಯ್ಯುವ ದಿನವನ್ನು ಕೈದಿಗೆ ಹೇಳುವಂತಿಲ್ಲ. ಹೇಳಿದರೆ ಯಾರಾದರೂ ದಾರಿಯಲ್ಲಿ ಕಾದಿದ್ದು ಬಿಡಿಸಿಕೊಂಡು ಹೋದಾರು ಎಂದು. ಕಾಕಾರನ್ನು ಬಿಡಿಸಿಕೊಂಡು ಹೋಗಲು ಯಾವ ದಂಡು ಬರುತ್ತಿತ್ತೋ ನಾ ಕಾಣೆ. ಆದರೂ ನಿಯಮ ನಿಯಮವೇ, ಎಲ್ಲರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ನನಗೆ ಕ್ಲಿನಿಕ್ಕಿನ ನೆಲ ಒರೆಸುವ ಕೆಲಸ. ಒಂದು ಶುಕ್ರವಾರ ನರ್ಸಿನ ಮೇಜಿನ ಕೆಳಗೆ ಒರೆಸಿ ಎದ್ದೇಳುವಾಗ ಮೇಜಿನ ಮೇಲೆ ಒಂದು ಹಾಳೆ ಕಣ್ಣಿಗೆ ಬಿತ್ತು. ಕಾಕಾರ ಕೈದಿ ನಂಬರು, ಮಂಗಳವಾರ, ಬೆಳಿಗ್ಗೆ ಒಂಬತ್ತು. ಮಧ್ಯಾಹ್ನ ಅಂಗಳದಲ್ಲಿ ಸುತ್ತು ಹಾಕುವಾಗ ತಡೆಯಲಾಗಲಿಲ್ಲ, ಹೇಳಿಬಿಟ್ಟೆ. ಒಳ್ಳೆಯ ಸುದ್ದಿ ಕೈಗೆ ಸಿಕ್ಕರೆ ನನಗೆ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ಹೇಳಬಾರದ ದಿನವನ್ನು ಹೇಳಿಯೇ ಜೈಲಿಗೆ ಬಂದವನು ಜೈಲಿನಲ್ಲೂ ಅದನ್ನೇ ಮಾಡಿದೆ. ಬುದ್ಧಿ ಬರಲಿಲ್ಲ ನನಗೆ.

ಕಾಕಾ ನಿಂತುಬಿಟ್ಟರು. ಮೊದಲು ಸಿಟ್ಟಾದರು, ಹೇಳಬಾರದಿತ್ತು ಎಂದರು. ಇನ್ನೊಂದು ಸುತ್ತು ಹಾಕಿದೆವು. ಆಮೇಲೆ ಕೇಳಿದರು, “ಖರೇನ?” ನಾನು ಹೂಂ ಅಂದೆ. ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿಕೊಂಡರು, ಬಹಳ ಹೊತ್ತು ಒರೆಸಿಕೊಂಡರು.

ಅವರು ಮಾಡಿದ ತಪ್ಪು ಇದು. ನಮ್ಮವರು ಮಾತ್ರ ಮಾಡುವ ತಪ್ಪು ಅದು. ಮನೆಯಲ್ಲಿ ಯಾರನ್ನಾದರೂ ಕತ್ತರಿ ಆಡಿಸುವ ಕೋಣೆಗೆ ಒಯ್ದರೆ, ಅದೇ ಹೊತ್ತಿಗೆ ದೇವರ ಮುಂದೆ ದೀಪ ಉರಿಯುತ್ತಿರಬೇಕು. ಅವರ ಅವ್ವ ಹಾಗೆ ಮಾಡುತ್ತಿದ್ದರು, ಹೆಂಡತಿಯೂ ಮಾಡುತ್ತಿದ್ದರು. ಈಗ ದೀಪ ಹಚ್ಚಬೇಕಾದವಳು ಮಗಳು, ಅವಳಿಗೆ ಹೊತ್ತು ಗೊತ್ತಿರಬೇಕಲ್ಲ. ಸಂಜೆ ಫೋನಿಗೆ ನಿಂತರು. ನಾನು ಸಾಲಿನಲ್ಲಿ ಅವರ ಹಿಂದೆ. ಜೈಲಿನ ಫೋನಿನಲ್ಲಿ ಹದಿನೈದು ನಿಮಿಷ, ಪ್ರತಿ ಮಾತೂ ರೆಕಾರ್ಡ್ ಆಗುತ್ತದೆ. ಅದಕ್ಕೇ ಕಾಕಾ ಒಂದೂ ಇಂಗ್ಲಿಷ್ ಶಬ್ದ ಬರದ ಹಾಗೆ, ಅಳೆದು ತೂಗಿ ಮಾತಾಡಿದರು.

“ಮಂಗಳವಾರ ಮುಂಜಾನೆ ಒಂಬತ್ತಕ್ಕ ದೀಪಾ ಹಚ್ಚವಾ. ನನ್ನ ದವಾಖಾನಿಗೆ ಒಯ್ಯಾಕತ್ತಾರ. ಮತ್ತೇನೂ ಕೇಳಬ್ಯಾಡ, ಬರೇ ದೀಪಾ ಹಚ್ಚು.”

ಆ ಕಡೆಯ ಮಾತು ನನಗೆ ಕೇಳಿಸಲಿಲ್ಲ. ಕಾಕಾರ ಬೆನ್ನು ಸೆಟೆದುಕೊಂಡದ್ದು ಕಂಡಿತು. ಸುಮ್ನಿರು, ಸುಮ್ನಿರವಾ ಎಂದು ಎರಡು ಸಲ ಹೇಳಿ ಫೋನು ಇಟ್ಟರು. ಮಂಚದ ಹತ್ತಿರ ಬಂದು ಕೂತ ಮೇಲೆ ನನಗೊಬ್ಬನಿಗೇ ಹೇಳಿದರು. ಮಗಳು ಖುಷಿಗೆ ಕೂಗಿದ್ದಳಂತೆ: “ಟ್ಯೂಸ್‌ಡೇ ಅಟ್ ನೈನ್? ವಿಚ್ ಹಾಸ್ಪಿಟಲ್? ಐ ವಿಲ್ ಕಮ್ ಅಂಡ್ ಸಿಟ್ ಔಟ್‌ಸೈಡ್, ಅಪ್ಪಾ.” ಕೇಳುವವರಿಗೆ ಇನ್ನು ಕನ್ನಡ ಬರಬೇಕಾದ ಅಗತ್ಯವೇನಿತ್ತು? ಕಾಕಾ ಮಾತ್ರ ಒಂದೇ ಮಾತು ಹೇಳಿದರು: “ಏನರ ಆಗಲಿ, ಅಕಿ ಮಾತಿನಿಂದ ಆತು ಅಂತ ಅಕಿಗೆ ಗೊತ್ತಾಗಬಾರದು.”

ಶನಿವಾರ ಬೆಳಗಿನ ಎಣಿಕೆ ಮುಗಿದ ಮೇಲೆ ಇಬ್ಬರು ಬಂದು ಅವರನ್ನು ಒಂಟಿ ಕೋಣೆಗಳ ಕಟ್ಟಡಕ್ಕೆ ಕರೆದುಕೊಂಡು ಹೋದರು. ಆಸ್ಪತ್ರೆಯ ಪ್ರಯಾಣ ರದ್ದು, ವಿಚಾರಣೆ ಶುರು. ದಿನ ಹೇಳಿದವನು ಯಾರು ಎಂದಷ್ಟೇ ಅವರಿಗೆ ಬೇಕಿದ್ದದ್ದು. ಹೇಳಿದರೆ ಬೇಗ ಇನ್ನೊಂದು ದಿನ ಗೊತ್ತುಮಾಡುತ್ತಾರೆ ಎಂಬ ಮಾತು ಕ್ಲಿನಿಕ್ಕಿನಲ್ಲೇ ನನ್ನ ಕಿವಿಗೆ ಬಿತ್ತು. ಆಗ ನನಗೆ, ಸನ್ನಡತೆಯ ರಿಯಾಯಿತಿ ಕಳೆದು, ಹೊರಗೆ ಹೋಗಲು ನಾಲ್ಕು ತಿಂಗಳಿತ್ತು. ನನ್ನ ಹೆಸರು ಬಂದರೆ ಅದು ಹೋಯಿತು, ಮೇಲೆ ಇನ್ನಷ್ಟು ಸೇರುತ್ತಿತ್ತು. ನಾನೇ ಹೋಗಿ ಹೇಳಬಹುದಿತ್ತು. ದಿನಾ ಬೆಳಿಗ್ಗೆ ಇವತ್ತು ಹೇಳುತ್ತೇನೆ ಅಂದುಕೊಂಡು ಏಳುತ್ತಿದ್ದೆ, ನೆಲ ಒರೆಸಿ ಬರುತ್ತಿದ್ದೆ. ಮಂಗಳವಾರ ಒಂಬತ್ತಕ್ಕೂ ನಾನು ಅದೇ ಕ್ಲಿನಿಕ್ಕಿನ ನೆಲ ಒರೆಸುತ್ತಿದ್ದೆ. ಬರ್ಕ್ಲಿಯಲ್ಲಿ ಆ ಹುಡುಗಿ ಆಗ ದೀಪ ಹಚ್ಚಿ ಕೂತಿರಬೇಕು.

ಐದು ವಾರದ ಮೇಲೆ ಅವರನ್ನು ಮತ್ತೊಮ್ಮೆ ನೋಡಿದೆ. ಬೆಳಿಗ್ಗೆ ಹತ್ತರ ಸುಮಾರಿಗೆ ನಾನು ಕಾರಿಡಾರಿನಲ್ಲಿ ಬಕೆಟ್ ಇಟ್ಟುಕೊಂಡು ನಿಂತಿದ್ದೆ. ವರ್ಗವಾಗುವ ನಾಲ್ಕೈದು ಜನರನ್ನು ಸಾಲಾಗಿ ತಂದರು. ಕಾಲಿನ ಸರಪಳಿಯಿಂದಾಗಿ ಎಲ್ಲರೂ ಗೇಣು ಗೇಣು ಹೆಜ್ಜೆ ಇಡುತ್ತಿದ್ದರು. ಕೊನೆಯವರು ಕಾಕಾ. ಗಡ್ಡ ಬೆಳೆದಿತ್ತು, ಗಂಟು ಗಡ್ಡದ ಆಚೆಗೂ ಎದ್ದು ಕಾಣುತ್ತಿತ್ತು. ಅಂಗಿಯ ಗುಂಡಿ ಮಾತ್ರ ಮೇಲಿನವರೆಗೂ ಹಾಕಿದ್ದರು. ನನ್ನನ್ನು ನೋಡಲಿಲ್ಲ. ಗೋಡೆಯನ್ನು ನೋಡಿಕೊಂಡು, ಮಂತ್ರ ಹೇಳುವ ರಾಗದಲ್ಲಿ ಹೇಳಿಕೊಂಡು ಹೋದರು: “ಮೇಜಿನ ಮ್ಯಾಲಿನ ಹಾಳಿ ನಾನ ಓದಿದೆ ಅಂತ ಹೇಳೇನಿ. ನೀ ಬಾಯಿ ಬಿಡಬ್ಯಾಡ. ಕೂಸು ಸಣ್ಣದೈತಿ ನಿಂದು.”

ಆಫೀಸರ್ ಏನದು ಎಂದು ಗದರಿದ. ಪ್ರಾರ್ಥನೆ ಎಂದರು ಕಾಕಾ. ಬಾಗಿಲು ಮುಚ್ಚಿತು. ನಾನು ಬಾಯಿ ಬಿಡಲಿಲ್ಲ.

ಹೊರಗೆ ಬಂದ ಮೇಲೂ ಅವರಿಗೆ ಒಂದು ಕಾಗದ ಬರೆಯಲಿಲ್ಲ. ಕೈದಿಗಳ ಜೊತೆ ಸಂಪರ್ಕ ಇರಬಾರದು ಎಂದು ನನ್ನ ಬಿಡುಗಡೆಯ ಷರತ್ತಿನಲ್ಲಿ ಇತ್ತು. ಇತ್ತು ನಿಜ, ಆದರೆ ನಾನು ಅದರ ಹಿಂದೆ ಅವಿತುಕೊಂಡದ್ದೂ ಅಷ್ಟೇ ನಿಜ.

ಈ ವಸಂತದ ಒಂದು ಶನಿವಾರ ಅವರ ಮಗಳು ಎವರ್‌ಗ್ರೀನ್‌ನ ನಮ್ಮ ಮನೆಗೆ ಬಂದಳು. ಅಪ್ಪ ಫೋನಿನಲ್ಲಿ ‘ಮಂಡ್ಯ’ ಎಂದು ಹೇಳುತ್ತಿದ್ದವನು ನಾನೇ ಎಂದು ಹುಡುಕಿ ತೆಗೆದಿದ್ದಳು. ಅಪ್ಪನದೇ ಎತ್ತರ, ಅದೇ ನೆಟ್ಟನೆಯ ನಿಲುವು. ಶವ ಬಂದು ಆರು ವಾರದ ಮೇಲೆ ಅಪ್ಪನ ಸಾಮಾನಿನ ಪೆಟ್ಟಿಗೆ ಬಂದಿತ್ತಂತೆ, ಅದರಲ್ಲಿ ನೀಲಿ ರಟ್ಟಿನ ನೋಟ್‌ಬುಕ್ಕು. ಫೋನಿನಿಂದ ಚಿತ್ರ ತೆಗೆದು ಅನುವಾದ ಮಾಡಿಸಲು ನೋಡಿದಳಂತೆ, ಆ ಕೈಬರಹಕ್ಕೆ ಏನೇನೋ ಅಸಂಬದ್ಧ ಬಂತಂತೆ. ಓದಿ ಹೇಳುತ್ತೀರಾ ಅಂಕಲ್ ಎಂದಳು. ನನ್ನ ಹೆಂಡತಿ ಕಾಫಿ ಇಟ್ಟು ಒಳಗೆ ಹೋದಳು.

ಸಾಲಿನ ಕೆಳಗೆ ಬೆರಳಿಟ್ಟುಕೊಂಡು ಓದಿದೆ. ಅವಳು ಪಕ್ಕದಲ್ಲಿ ಕೂತು ಬೆರಳನ್ನೇ ನೋಡುತ್ತಿದ್ದಳು. ಬಸ್ಸಿನಲ್ಲಿ ಹನ್ನೊಂದು ತಾಸು. ಕೈಕೋಳದಲ್ಲೇ ಕಿತ್ತಳೆ ಸುಲಿಯುವ ಬಗೆ. ಇಳಿಸಿದ ಮೊದಲ ಜೈಲಿನಲ್ಲಿ ಮೂರು ವಾರ, ಅಲ್ಲಿನ ಡಾಕ್ಟರಿಗೆ ಕಾಗದಪತ್ರ ಬಂದಿಲ್ಲ, ಪಟ್ಟಿಯ ಕೊನೆಗೆ ಹೆಸರು. ಪತ್ರ ಬರುವಷ್ಟರಲ್ಲಿ ಇನ್ನೊಂದು ಜೈಲು, ಮತ್ತೆ ಪಟ್ಟಿಯ ಕೊನೆಗೆ. ಮೂರನೆಯದರಲ್ಲಿ ಯಾರೋ ಒಬ್ಬ ಗಂಟು ಮುಟ್ಟಿ ನೋಡಿ ಮುಖ ಬೇರೆ ಕಡೆ ತಿರುಗಿಸಿದ. ಇವತ್ತು ನೀರು ಸಹ ಇಳಿಯಲಿಲ್ಲ. ಹತ್ತೊಂಬತ್ತರ ಮಗ್ಗಿಯಲ್ಲಿ ಎರಡು ಕಡೆ ತಪ್ಪಿದೆ.

ಆಮೇಲೆ ಆ ಪುಟ ಬಂತು. ‘ತಾರೀಖು ಹೇಳಿದವನು ಮಂಡ್ಯಾ. ಅವನ ಹೆಸರು ನಾನು ತೆಗೆಯಲಿಲ್ಲ.’ ಇಷ್ಟನ್ನು ದೊಡ್ಡದಾಗಿ ಓದಿದೆ. ಅದರ ಕೆಳಗೆ ಎರಡು ಸಾಲು. ‘ಮಗಳು ಹೊರಗೆ ಕೂತಿರುತ್ತೇನೆ ಅಂದದ್ದು ಪ್ರೀತಿಯಿಂದ. ಆ ಮಾತಿನಿಂದಲೇ ಹೀಗಾಯಿತೆಂದು ಅವಳಿಗೆ ಎಂದೂ ತಿಳಿಯಬಾರದು.’ ಅದನ್ನು ಬಿಟ್ಟು ಮುಂದಿನ ಪುಟಕ್ಕೆ ಹೋದೆ.

ಅವಳು ನನ್ನ ಬೆರಳನ್ನು ಹಿಡಿದಳು. ಮಾತಾಡಿದ್ದು ಕನ್ನಡದಲ್ಲಿ.

“ಅಂಕಲ್, ಎರಡು ಲೈನ್ ಬಿಟ್ರಿ.”

“ಅದ್ರಲ್ಲಿ ನನ್ನನ್ನ ಬೈದಿದ್ದಾರಮ್ಮ.”

“ಅಪ್ಪ ಯಾರನ್ನೂ ಬೈತಿರ್ಲಿಲ್ಲ.”

“ನನ್ನ ಬೈದಿದ್ದಾರೆ. ಬೈಬೇಕಾಗಿತ್ತು.”

ಆಮೇಲೆ ಎಲ್ಲವನ್ನೂ ಹೇಳಿದೆ, ಒಂದನ್ನು ಬಿಟ್ಟು. ನಾನು ಹಾಳೆ ನೋಡಿದ್ದು, ಅಂಗಳದಲ್ಲಿ ಹೇಳಿದ್ದು. ಆ ಸುದ್ದಿ ನನ್ನ ಬಾಯಿಂದಲೇ ಇನ್ನೂ ನಾಲ್ಕು ಜನಕ್ಕೆ ಹೋಗಿ ಆಫೀಸರನ ಕಿವಿ ಮುಟ್ಟಿತು ಎಂದು ಒಂದು ಸುಳ್ಳನ್ನೂ ಸೇರಿಸಿದೆ. ಅಪ್ಪನ ಫೋನಿಗೂ ಅದಕ್ಕೂ ಸಂಬಂಧವಿಲ್ಲ ಎಂದೆ. ಅವಳು ಅಳಲಿಲ್ಲ. ನೋಟ್‌ಬುಕ್ಕನ್ನು ನನ್ನ ಕೈಯಿಂದ ತೆಗೆದುಕೊಂಡು ಚೀಲಕ್ಕೆ ಹಾಕಿಕೊಂಡಳು. ಬಾಗಿಲಲ್ಲಿ ನಿಂತು ಇಂಗ್ಲಿಷಿನಲ್ಲಿ ಒಂದೇ ಮಾತು ಹೇಳಿದಳು, ನೀವು ಸುಮ್ಮನಿದ್ದಿದ್ದರೆ ಸಾಕಿತ್ತು ಎಂದು. ಹೌದಮ್ಮ ಅಂದೆ. ಆಮೇಲೆ ನಾನು ಫೋನು ಮಾಡಿದರೆ ಎತ್ತುವುದಿಲ್ಲ. ಎತ್ತುವುದು ಬೇಡ.

ಅವಳು ಅರ್ಧಕ್ಕೆ ಬಿಡುವವಳಲ್ಲ, ಅಪ್ಪನ ಮಗಳು. ಉಳಿದ ಪುಟಗಳನ್ನು ಓದಿಸಿಕೊಳ್ಳಲು ಕನ್ನಡ ಬಲ್ಲ ಇನ್ನೊಬ್ಬರನ್ನು ಹುಡುಕಿಯೇ ಹುಡುಕುತ್ತಾಳೆ. ಬಿಟ್ಟ ಸಾಲನ್ನೂ ಕೇಳುತ್ತಾಳೆ. ಅದಕ್ಕೇ ಇದನ್ನು ಕನ್ನಡದಲ್ಲಿ, ಅವಳು ಓದಲಾರದ ಲಿಪಿಯಲ್ಲಿ, ಬರೆಯುತ್ತಿದ್ದೇನೆ. ಎತ್ತರದ ಹುಡುಗಿಯೊಬ್ಬಳು ನೀಲಿ ರಟ್ಟಿನ ನೋಟ್‌ಬುಕ್ಕು ಹಿಡಿದುಕೊಂಡು ನಿಮ್ಮ ಮನೆಗೆ ಬಂದರೆ ಒಳಗೆ ಕರೆಯಿರಿ, ಕಾಫಿ ಕೊಡಿ, ಎಲ್ಲವನ್ನೂ ಓದಿ ಹೇಳಿ. ಮಂಡ್ಯ ಎಂಬ ಹೆಸರು ಬರುವ ಎಡಗಡೆಯ ಪುಟದಲ್ಲಿ ಕೊನೆಯ ಎರಡು ಸಾಲು ಬಂದಾಗ ಮಾತ್ರ, ಇಲ್ಲಿ ನಿಮ್ಮಪ್ಪ ಆ ಮಂಡ್ಯದವನನ್ನು ಚೆನ್ನಾಗಿ ಬೈದಿದ್ದಾರೆ ಎಂದುಬಿಡಿ. ಬೆರಳಿಟ್ಟುಕೊಂಡು ಓದಬೇಡಿ.